ಆಹಾರ ಮುಟ್ಟದ ಸಾಕು ಆಮೆ: ಕಾರಣ ಮತ್ತು ಪಥ್ಯ

ಮನುಷ್ಯರ ಆರೋಗ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ಆಮೆಯ ಆಹಾರದ ವಿಚಾರವೇಕೆ ಎಂದು ಓದುಗ ಭಕ್ತರು ಕೇಳಬಹುದು. ಪಟ್ಟಣದ ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಆಮೆ ಸಾಕುವ ರೂಢಿ ಈಚೆಗೆ ಹೆಚ್ಚಾಗಿದೆ. ‘ಮನೆಯ ಆಮೆ ಏನನ್ನೂ ತಿನ್ನುತ್ತಿಲ್ಲ, ಯಾವ ಚೂರ್ಣ ಕೊಡಬೇಕು?’ ಎಂದು ಕೇಳುವವರು ನನ್ನ ಚಿಕಿತ್ಸಾಲಯಕ್ಕೂ ಬರುತ್ತಾರೆ. ಅವರಿಗೆ ನಾನು ಹೇಳುವ ಮೊದಲ ಮಾತು, ಮನುಷ್ಯರ ಯಾವ ಔಷಧವನ್ನೂ ಆಮೆಗೆ ಕೊಡಕೂಡದು ಎಂಬುದು. ಎರಡನೆಯ ಮಾತು, ಬಹುತೇಕ ಸಂದರ್ಭಗಳಲ್ಲಿ ಔಷಧದ ಅಗತ್ಯವೇ ಇರುವುದಿಲ್ಲ ಎಂಬುದು. ಆಮೆ ಉಣ್ಣದಿರುವುದಕ್ಕೆ ಕಾರಣ ಅದರ ಹಟವಾಗಿರುವುದು ಅಪರೂಪ. ನಾವು ಕೊಟ್ಟ ನೆಲೆ ಮತ್ತು ನಾವು ಮಾಡಿಸಿದ ಅಭ್ಯಾಸಗಳೇ ಹೆಚ್ಚಾಗಿ ಕಾರಣವಾಗಿರುತ್ತವೆ.

ಸಾಕುವ ಆಮೆ ಯಾವುದು?

ನಮ್ಮ ನಾಡಿನ ನಕ್ಷತ್ರ ಆಮೆಯೂ ಕೆರೆ ಹೊಳೆಗಳ ದೇಶೀ ಆಮೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಆಮೆ ಇದ್ದ ಮನೆಗೆ ಐಶ್ವರ್ಯ ಬರುತ್ತದೆಂಬ ಮೂಢನಂಬಿಕೆಯಿಂದ ಯಾರಾದರೂ ಅಂತಹ ಆಮೆಯನ್ನು ತಂದಿಟ್ಟಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ಮಾರ್ಗ.

ಅಂಗಡಿಗಳಲ್ಲಿ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾಗಿ, ಹಸಿರು ಮೈ ಮತ್ತು ಕಣ್ಣಿನ ಹಿಂದೆ ಕೆಂಪು ಪಟ್ಟೆಯೊಂದಿಗೆ ಕಾಣುವ ಮರಿಯು ‘ರೆಡ್ ಇಯರ್ಡ್ ಸ್ಲೈಡರ್’ ಎಂಬ ಜಾತಿಯದು. ಇದರ ಮೂಲ ನೆಲೆ ಅಮೆರಿಕದ ಮಿಸಿಸಿಪಿ ನದಿಯ ಪ್ರದೇಶ. ನಾಣ್ಯದಷ್ಟಿದ್ದ ಮರಿಯು ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ. ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಕೆಳಗಿನ ವಿವರಗಳೆಲ್ಲ ಈ ಜಾತಿಯ ಆಮೆಗೆ ಸಂಬಂಧಿಸಿದವು.

ಹೊರಗಿನಿಂದ ಬರುವ ಅಗ್ನಿ

ಆಹಾರವು ಮೈಗೆ ಹತ್ತುವುದು ಜಠರಾಗ್ನಿಯ ಬಲದಿಂದ ಎಂಬುದು ಆಯುರ್ವೇದದ ಮೂಲತತ್ತ್ವ. ಮನುಷ್ಯನ ದೇಹವು ತನ್ನ ಉಷ್ಣತೆಯನ್ನು ತಾನೇ ಕಾಪಾಡಿಕೊಳ್ಳುತ್ತದೆ. ಆಮೆಯು ಶೀತರಕ್ತ ಪ್ರಾಣಿ. ಅದು ಉಷ್ಣವನ್ನು ಸೂರ್ಯನಿಂದಲೂ ಸುತ್ತಲಿನ ನೀರಿನಿಂದಲೂ ಪಡೆಯಬೇಕು. ನೀರು ತಣ್ಣಗಾದರೆ ಅದರ ಜೀರ್ಣಶಕ್ತಿ ಕುಗ್ಗುತ್ತದೆ, ಹಸಿವು ಅಡಗುತ್ತದೆ. ಮಾಗಿಯ ಚಳಿಯಲ್ಲಿಯೂ ಮಳೆಗಾಲದ ಮೋಡ ಮುಸುಕಿದ ದಿನಗಳಲ್ಲಿಯೂ ‘ಆಮೆ ಉಣ್ಣುತ್ತಿಲ್ಲ’ ಎಂಬ ದೂರು ಹೆಚ್ಚುವುದು ಇದೇ ಕಾರಣಕ್ಕೆ.

ಆದುದರಿಂದ ಆಹಾರವನ್ನು ಬದಲಿಸುವ ಮೊದಲು ನೆಲೆಯನ್ನು ಪರೀಕ್ಷಿಸಬೇಕು. ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ತೊಟ್ಟಿಯಲ್ಲಿ ಆಮೆಯು ಪೂರ್ಣವಾಗಿ ನೀರಿನಿಂದ ಮೇಲೆ ಬಂದು ಮೈ ಕಾಯಿಸಿಕೊಳ್ಳಲು ಒಣಗಿದ ಕಲ್ಲೊಂದು ಇರಬೇಕು. ಅಲ್ಲಿ ಉಷ್ಣತೆ 30ರಿಂದ 32 ಡಿಗ್ರಿಯಷ್ಟಿರಲಿ.

ಉಷ್ಣದಷ್ಟೇ ಮುಖ್ಯವಾದುದು ಬೆಳಕು. ಬಿಸಿಲಿನ ಅತಿನೇರಳೆ ಬಿ ಕಿರಣಗಳು ಚರ್ಮಕ್ಕೆ ತಾಗಿದಾಗ ಡಿ ಜೀವಸತ್ವ ಉತ್ಪತ್ತಿಯಾಗುತ್ತದೆ. ಅದಿಲ್ಲದೆ ಆಹಾರದ ಸುಣ್ಣಾಂಶವು ಮೂಳೆಗೂ ಚಿಪ್ಪಿಗೂ ಸೇರದು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಕಿಟಕಿಯ ಪಕ್ಕದಲ್ಲಿ ತೊಟ್ಟಿ ಇಟ್ಟಿದ್ದೇವೆ, ಬಿಸಿಲು ಬೀಳುತ್ತದೆ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಎಳೆ ಬಿಸಿಲಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ, ಅರ್ಧ ಭಾಗ ನೆರಳಿರುವ ಅಗಲವಾದ ಬಾನಿಯಲ್ಲಿ ಸ್ವಲ್ಪ ನೀರು ಹಾಕಿ ಆಮೆಯನ್ನು ಬಿಡಬೇಕು. ಕಾಗೆ, ಬೆಕ್ಕುಗಳ ಭಯವಿರುವುದರಿಂದ ಒಬ್ಬರು ಬಳಿಯಲ್ಲಿಯೇ ಇರಬೇಕು. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ಒಳಗಿನ ನೀರು ಕಾದು ಆಮೆ ಸತ್ತೀತು. ಬಿಸಿಲು ದೊರೆಯದ ಮನೆಯಲ್ಲಿ ಸರೀಸೃಪಗಳಿಗೆಂದೇ ಮಾರುವ ಅತಿನೇರಳೆ ಬಿ ದೀಪವನ್ನು ಅಳವಡಿಸಬೇಕು.

ಸಮತೋಲಿತ ಆಹಾರ

ಆಮೆಯ ಆಹಾರವು ವಯಸ್ಸಿನೊಂದಿಗೆ ಬದಲಾಗುತ್ತದೆ. ಮರಿಯು ಪ್ರಕೃತಿಯಲ್ಲಿ ಹುಳು, ಬಸವನಹುಳು, ಸಣ್ಣ ಮೀನುಗಳನ್ನೇ ಹೆಚ್ಚಾಗಿ ತಿನ್ನುತ್ತದೆ. ಬೆಳೆದಂತೆ ನೀರಿನ ಸಸ್ಯಗಳತ್ತ ಒಲಿಯುತ್ತದೆ. ಬೆಳೆದ ಆಮೆಯ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಸೊಪ್ಪು ತರಕಾರಿ ಇರುವುದು ಹಿತಕರ.

*ಹಿತವಾದವು:* ಆಮೆಗೆಂದೇ ತಯಾರಿಸಿದ ಉತ್ತಮ ದರ್ಜೆಯ ಪೆಲೆಟ್ ಆಹಾರದ ಬುನಾದಿಯಾಗಿರಲಿ. ಅದರೊಂದಿಗೆ ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂವು, ನುಗ್ಗೆ ಸೊಪ್ಪು, ಹಸುಗಳ ಮೇವಿಗಾಗಿ ರೈತರು ಬೆಳೆಯುವ ಅಜೋಲ್ಲಾ, ತುರಿದ ಕ್ಯಾರೆಟ್, ಸಿಹಿಗುಂಬಳವನ್ನು ಸರದಿಯಂತೆ ಕೊಡಬಹುದು. ಎಲೆ ಹೂವುಗಳಿಗೆ ಕೀಟನಾಶಕ ಸಿಂಪಡಿಸಿರಬಾರದು. ಸುಣ್ಣಾಂಶವು ರಂಜಕಾಂಶದ ಸುಮಾರು ಎರಡರಷ್ಟಿರಬೇಕೆಂಬುದು ನಿಯಮ. ಇದಕ್ಕಾಗಿ ತೊಟ್ಟಿಯಲ್ಲಿ ಸಮುದ್ರಫೇನದ ತುಂಡೊಂದನ್ನು ತೇಲಿಬಿಡುತ್ತಾರೆ. ನಮ್ಮ ಗ್ರಂಥಗಳಲ್ಲಿ ಕಿವಿ, ಕಣ್ಣುಗಳ ರೋಗಕ್ಕೆ ಹೇಳಿರುವ ಸಮುದ್ರಫೇನವೇ ಇದು. ಆಮೆಯು ಬೇಕೆನಿಸಿದಾಗ ಕಚ್ಚಿ ತಿಂದು ಸುಣ್ಣಾಂಶ ಪಡೆಯುತ್ತದೆ.

*ಮಿತವಾಗಿ:* ಪಾಲಕ್, ಹರಿವೆ, ಬಸಳೆಗಳಲ್ಲಿ ಆಕ್ಸಲೇಟ್ ಅಧಿಕ. ಅದು ಸುಣ್ಣಾಂಶವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕಗೊಡದು. ಎಲೆಕೋಸು, ಹೂಕೋಸು ಕೂಡ ನಿತ್ಯದ ಆಹಾರವಾಗಬಾರದು. ಸೌತೆಕಾಯಿಯಲ್ಲಿ ನೀರೇ ಹೆಚ್ಚು, ಪೋಷಣೆ ಕಡಿಮೆ. ಪಪ್ಪಾಯಿಯಂತಹ ಹಣ್ಣು ಅಪರೂಪಕ್ಕೊಮ್ಮೆ ಸಾಕು.

*ಅಹಿತವಾದವು:* ಅನ್ನ, ಚಪಾತಿ, ಬ್ರೆಡ್, ಬಿಸ್ಕತ್ತು, ಹಾಲು, ಮೊಸರು, ಉಪ್ಪು ಖಾರ ಬೆರೆತ ಯಾವುದೇ ಅಡುಗೆ.

ಪ್ರಮಾಣದ ವಿಷಯದಲ್ಲಿ ಒಂದು ಸುಲಭ ಅಳತೆಯಿದೆ: ಆಮೆಯ ತಲೆಯ ಗಾತ್ರದಷ್ಟು ಪೆಲೆಟ್ ಒಂದು ಹೊತ್ತಿಗೆ ಸಾಕು. ಮರಿಗೆ ದಿನಕ್ಕೊಮ್ಮೆ, ಬೆಳೆದ ಆಮೆಗೆ ಎರಡು ಮೂರು ದಿನಕ್ಕೊಮ್ಮೆ. ಆಮೆಯು ನೀರಿನೊಳಗೆ ಮಾತ್ರ ಆಹಾರವನ್ನು ನುಂಗಬಲ್ಲುದು. ಒಣ ಕಲ್ಲಿನ ಮೇಲೆ ಇಟ್ಟ ತುತ್ತನ್ನು ಮುಟ್ಟಲಿಲ್ಲವೆಂದು ಚಿಂತಿಸಬಾರದು. ಇಪ್ಪತ್ತು ನಿಮಿಷದ ನಂತರ ಉಳಿದುದನ್ನು ತೆಗೆದುಬಿಡಬೇಕು. ಕೊಳೆತ ನೀರಿನಲ್ಲಿರುವ ಆಮೆಗೆ ರುಚಿಯೂ ಇಲ್ಲ, ಆರೋಗ್ಯವೂ ಇಲ್ಲ.

ಶಾಕಾಹಾರಿ ಮನೆಯ ಧರ್ಮಸಂಕಟ

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಮುಚ್ಚಿಡದೆ ಹೇಳಬೇಕಾಗಿದೆ. ನನ್ನಲ್ಲಿ ಚಿಕಿತ್ಸೆಗೆ ಬರುವ ಒಂದು ಕುಟುಂಬದವರು ಮೊಮ್ಮಗನ ಆಸೆಗಾಗಿ ಆಮೆಯ ಮರಿ ತಂದರು. ಮನೆಯಲ್ಲಿ ಮೀನಿನ ವಾಸನೆ ಬರಬಾರದೆಂದು ಹಿರಿಯರು ಅದಕ್ಕೆ ಏಳು ತಿಂಗಳು ಅನ್ನ ಮತ್ತು ಸೌತೆಕಾಯಿಯನ್ನಷ್ಟೇ ಹಾಕಿದರು. ಮೊದಮೊದಲು ತಿಂದ ಮರಿ ಆಮೇಲೆ ಬಾಯಿ ತೆರೆಯಲಿಲ್ಲ. ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಕೊಂಡವು. ಮನೆಯವರು ನಿದ್ರೆಯೆಂದು ಭಾವಿಸಿದರು. ಚಿಪ್ಪನ್ನು ಒತ್ತಿದರೆ ನೆನೆದ ರಟ್ಟಿನಂತೆ ಬಾಗುತ್ತಿತ್ತು. ನಾನು ಅವರನ್ನು ಕೂಡಲೇ ಪಶುವೈದ್ಯರಲ್ಲಿಗೆ ಕಳುಹಿಸಿದೆ. ಎ ಜೀವಸತ್ವದ ಕೊರತೆಯಿಂದ ಕಣ್ಣು, ಸುಣ್ಣಾಂಶ ಮತ್ತು ಬಿಸಿಲಿನ ಕೊರತೆಯಿಂದ ಚಿಪ್ಪು ಕೆಟ್ಟಿದ್ದವು. ಮರಿ ಬದುಕಿತು, ಆದರೆ ಚಿಪ್ಪಿನ ವಕ್ರತೆ ಹಾಗೆಯೇ ಉಳಿಯಿತು.

ಆ ಹಿರಿಯರಲ್ಲಿ ದಯೆಗೆ ಕೊರತೆಯಿರಲಿಲ್ಲ. ತಮಗೆ ಹಿತವಾದುದೇ ಆಮೆಗೂ ಹಿತವೆಂದು ಅವರು ತಿಳಿದಿದ್ದರು. ಯಾವ ಜೀವಿಗೆ ಯಾವುದು ಹಿತವೆಂಬುದನ್ನು ಅದರ ಪ್ರಕೃತಿ ನಿರ್ಣಯಿಸುತ್ತದೆ. ನಮ್ಮ ಆಹಾರನಿಯಮವು ನಾವು ವಿವೇಕದಿಂದ ಸ್ವೀಕರಿಸಿದ ವ್ರತ. ಅದನ್ನು ಮೂಕಪ್ರಾಣಿಯ ಮೇಲೆ ಹೇರಿದರೆ ಅದು ಉಪವಾಸದಿಂದ ನರಳಿದಂತೆಯೇ ಸರಿ. ಉತ್ತಮ ಪೆಲೆಟ್‌ಗಳಲ್ಲಿಯೂ ಸಾಮಾನ್ಯವಾಗಿ ಮೀನಿನ ಹಿಟ್ಟು ಇರುತ್ತದೆ. ಅದನ್ನು ಕೈಯಿಂದ ಮುಟ್ಟಲು ಮನಸ್ಸು ಒಪ್ಪದವರು ಆಮೆಯನ್ನು ಮನೆಗೆ ತಾರದಿರುವುದೇ ಲೇಸು. ಮೊಲವೋ ಪಾರಿವಾಳವೋ ಅಂತಹ ಮನೆಗೆ ಹೊಂದೀತು.

ರುಚಿಹಿಡಿದ ಆಮೆಗೆ ಪಾದಾಂಶ ಕ್ರಮ

ನೆಲೆ ಸರಿಯಾಗಿದ್ದು, ರೋಗವೂ ಇಲ್ಲದೆ, ಆಮೆಯು ಒಂದೇ ತಿನಿಸಿಗೆ ಅಂಟಿಕೊಂಡಿದ್ದರೆ ಆಗ ಅದನ್ನು ರುಚಿಯ ಹಟವೆನ್ನಬಹುದು. ಅಂಗಡಿಯವರು ಕೊಡುವ ಒಣ ಸೀಗಡಿಯ ಡಬ್ಬಿಯಿಂದ ಈ ಅಭ್ಯಾಸ ಹುಟ್ಟುವುದೇ ಹೆಚ್ಚು. ಅದು ನಾಲಗೆಯ ಚಪಲಕ್ಕೆ ಸರಿ, ದಿನದ ಊಟವಾಗಲಾರದು.

ದೀರ್ಘಕಾಲ ರೂಢಿಯಾದ ಅಹಿತವನ್ನು ಒಮ್ಮೆಲೇ ಬಿಡಿಸಬಾರದು, ಕಾಲು ಕಾಲು ಭಾಗವಾಗಿ ಬಿಡಿಸುತ್ತ ಅಷ್ಟಷ್ಟೇ ಹಿತವನ್ನು ಸೇರಿಸಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ಹೇಳುತ್ತದೆ. ಮನುಷ್ಯರಿಗೆ ಹೇಳಿದ ಈ ಕ್ರಮವು ಆಮೆಗೂ ಚೆನ್ನಾಗಿ ಒಪ್ಪುತ್ತದೆ.

1. ಮೊದಲ ವಾರ ಮುಕ್ಕಾಲು ಭಾಗ ಹಳೆಯ ತಿನಿಸು, ಕಾಲು ಭಾಗ ಪೆಲೆಟ್.
2. ಎರಡನೆಯ ವಾರ ಅರ್ಧಕ್ಕರ್ಧ.
3. ಮೂರನೆಯ ವಾರ ಕಾಲು ಭಾಗ ಹಳೆಯದು, ಮುಕ್ಕಾಲು ಭಾಗ ಹೊಸದು.
4. ನಾಲ್ಕನೆಯ ವಾರದಿಂದ ಪೂರ್ಣ ಹೊಸ ಆಹಾರ. ಸೀಗಡಿ ತಿಂಗಳಿಗೊಮ್ಮೆ, ಹಬ್ಬದ ಸಿಹಿಯಂತೆ.

ಪೆಲೆಟ್‌ಗಳನ್ನು ಸೀಗಡಿ ನೆನೆಸಿದ ನೀರಿನಲ್ಲಿ ಅದ್ದಿ ಕೊಟ್ಟರೆ ಪರಿಚಿತ ವಾಸನೆಗೆ ಆಮೆ ಬಾಯಿ ಹಾಕುತ್ತದೆ. ಸೊಪ್ಪನ್ನು ಬೆಳಿಗ್ಗೆ, ಮೈ ಕಾಯಿಸಿಕೊಂಡು ಹಸಿದಿರುವಾಗ, ಮೊದಲು ಕೊಡಬೇಕು. ಕೆಂಪು, ಹಳದಿ ಬಣ್ಣಗಳು ಅದನ್ನು ಸೆಳೆಯುತ್ತವೆ. ಸೊಪ್ಪಿನ ನಡುವೆ ಕ್ಯಾರೆಟ್ ತುರಿಯೋ ದಾಸವಾಳದ ಎಸಳೋ ಇದ್ದರೆ ಅನುಕೂಲ. ಬೆಳೆದ ಆರೋಗ್ಯವಂತ ಆಮೆಯು ಒಂದು ವಾರ ಹೊಸ ಆಹಾರವನ್ನು ತಿರಸ್ಕರಿಸಿದರೂ ಗಾಬರಿಯಾಗಬೇಕಿಲ್ಲ. ಎಳೆಯ ಮರಿಯ ವಿಷಯದಲ್ಲಿ ಅಷ್ಟು ಕಾಯಕೂಡದು.

ಪಶುವೈದ್ಯರಲ್ಲಿಗೆ ಯಾವಾಗ?

ಕಣ್ಣುಗಳು ಊದಿಕೊಂಡಿರುವುದು, ಚಿಪ್ಪು ಮೆತ್ತಗಾಗಿರುವುದು, ಮೂಗು ಬಾಯಿಗಳಿಂದ ಗುಳ್ಳೆಯಂತೆ ದ್ರವ ಬರುವುದು, ಬಾಯಿ ತೆರೆದು ಉಸಿರಾಡುವುದು, ಒಂದು ಪಕ್ಕಕ್ಕೆ ವಾಲಿ ಈಜುವುದು: ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಸರೀಸೃಪಗಳ ಅನುಭವವಿರುವ ಪಶುವೈದ್ಯರನ್ನು ಕಾಣಬೇಕು. ಎ ಜೀವಸತ್ವವು ಅಧಿಕವಾದರೂ ಆಮೆಗೆ ವಿಷವೇ. ತಾವಾಗಿಯೇ ಹನಿ ಹಾಕುವ ಸಾಹಸ ಬೇಡ.

ಮನೆಯವರ ಆರೋಗ್ಯ

ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ನೀರಿನಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದರಿಂದ ಜ್ವರ, ವಾಂತಿ, ಭೇದಿ ಉಂಟಾಗುತ್ತವೆ. ಮಕ್ಕಳಲ್ಲಿ ಈ ಸೋಂಕು ಹರಡಿದುದರಿಂದಲೇ ಅಮೆರಿಕದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಲಾಗಿದೆ. ಆಮೆಯನ್ನೋ ಅದರ ನೀರನ್ನೋ ಮುಟ್ಟಿದ ಬಳಿಕ ಸೋಪು ಹಚ್ಚಿ ಕೈ ತೊಳೆಯಬೇಕು. ತೊಟ್ಟಿಯನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು ಇರುವ ಮನೆಯಲ್ಲಿ ಆಮೆ ಸಾಕದಿರುವುದು ಕ್ಷೇಮ.

ಕೆರೆಗೆ ಬಿಡುವುದು ಪುಣ್ಯವಲ್ಲ

ಸಾಕಲಾಗದೆ ಬೇಸತ್ತವರು ಆಮೆಯನ್ನು ಊರ ಕೆರೆಗೋ ಕಲ್ಯಾಣಿಗೋ ಬಿಟ್ಟು, ಜೀವವೊಂದಕ್ಕೆ ಬಿಡುಗಡೆ ಕೊಟ್ಟೆವೆಂದು ಸಂತೋಷಪಡುವುದುಂಟು. ಈ ಜಾತಿಯು ಜಗತ್ತಿನ ಅತ್ಯಂತ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದು ದೇಶೀ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ತಾಣವನ್ನೂ ಕಸಿದುಕೊಳ್ಳುತ್ತದೆ. ಸಾಕಲು ಸಾಧ್ಯವಾಗದವರು ಪ್ರಾಣಿರಕ್ಷಣಾ ಕೇಂದ್ರವನ್ನೋ ಜವಾಬ್ದಾರಿಯಿಂದ ಸಾಕಬಲ್ಲ ಇನ್ನೊಂದು ಮನೆಯನ್ನೋ ಹುಡುಕಬೇಕು.

ಈಗಾಗಲೇ ಮನೆಯಲ್ಲಿ ಆಮೆ ಇರುವ ಭಕ್ತರು ಇಂದೇ ಮೂರು ಕೆಲಸ ಮಾಡಲಿ: ನೀರಿನ ಉಷ್ಣತೆಯನ್ನು ಅಳೆಯಲಿ, ಚಿಪ್ಪನ್ನು ಮೆಲ್ಲನೆ ಒತ್ತಿ ನೋಡಲಿ, ಕಣ್ಣುಗಳನ್ನು ಗಮನಿಸಲಿ. ತರಬೇಕೆಂದಿರುವವರು ಮುಂದಿನ ಇಪ್ಪತ್ತೈದು ವರ್ಷ ಅದನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಮನೆಮಂದಿಯೊಂದಿಗೆ ಕುಳಿತು ನಿರ್ಧರಿಸಿದ ಬಳಿಕವೇ ಅಂಗಡಿಯ ಮೆಟ್ಟಿಲು ಹತ್ತಲಿ.