ಕಂಬಳಿಯ ಮೇಲಿನ ಲ್ಯಾಪ್‌ಟಾಪ್



2021ರ ಆಷಾಢ ಮಾಸ. ನಮ್ಮ ಗೆಂಡೆಹಳ್ಳಿಯಲ್ಲಿ ಜಡಿಮಳೆ ಹಿಡಿದಿತ್ತು. ಬೇಲೂರು ತಾಲ್ಲೂಕಿನ ಈ ಭಾಗ ಮಲೆನಾಡಿನ ಅಂಚು. ಮಳೆ ಹಿಡಿಯಿತೆಂದರೆ ಹೊದ್ದ ಕಂಬಳಿಯನ್ನು ಕೆಳಗಿಡಲು ಮನಸ್ಸು ಬಾರದು. ಬೆಂಗಳೂರಿನಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು, ಕಾಲೇಜಿನ ಬಾಗಿಲು ಮುಚ್ಚಿದ್ದುದರಿಂದ, ನಮ್ಮಲ್ಲಿಗೆ ಬಂದಿದ್ದಳು. ಪಾಠವೂ ಲ್ಯಾಪ್‌ಟಾಪಿನಲ್ಲಿ, ಪರೀಕ್ಷೆಯೂ ಲ್ಯಾಪ್‌ಟಾಪಿನಲ್ಲಿ. ಫೋನಿನ ಸಿಗ್ನಲ್ ದೊರೆಯುತ್ತಿದ್ದುದು ಅಟ್ಟದ ಕಿಟಕಿಯ ಬಳಿ ಮಾತ್ರ. ಅಲ್ಲೊಂದು ಮಂಚ ಹಾಕಿಸಿದೆ. ಹುಡುಗಿ ಚಳಿಗೆ ನಡುಗುವುದನ್ನು ನೋಡಲಾರದೆ ನನ್ನ ಕರಿಯ ಕಂಬಳಿಯನ್ನೂ ಮಂಚದ ಮೇಲೆ ಹಾಸಿದೆ. ಅವಳು ಅದರ ಮೇಲೆಯೇ ಲ್ಯಾಪ್‌ಟಾಪನ್ನು ಇಟ್ಟುಕೊಂಡಳು.

ನಾಲ್ಕಾರು ದಿನಗಳಲ್ಲಿ ಅದರ ಫ್ಯಾನು ಗಿರಣಿಯಂತೆ ಸದ್ದು ಮಾಡತೊಡಗಿತು. “ತಾತ, ಇದು ಯಾಕೋ ತುಂಬಾ ಸುಡ್ತಾ ಇದೆ” ಎಂದಳು. “ಇಂಥ ಚಳಿಯಲ್ಲಿ ಏನು ಸುಡುವುದಮ್ಮ, ಕೈ ಬೆಚ್ಚಗಾಯಿತೆಂದುಕೋ” ಎಂದು ನಗೆಯಾಡಿದೆ. ಮರುವಾರ ಪರೀಕ್ಷೆಯ ನಡುವೆ, ಇನ್ನೂ ಎರಡು ಪ್ರಶ್ನೆಗಳು ಉಳಿದಿರುವಾಗ, ಪರದೆ ಕಪ್ಪಾಯಿತು. ಮತ್ತೆ ಹೊತ್ತಿಕೊಳ್ಳುವಷ್ಟರಲ್ಲಿ ವೇಳೆ ಮುಗಿದಿತ್ತು. ಹುಡುಗಿ ಅತ್ತಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಬೋಧಿಸಿದ ನಾನು, “ಉಣ್ಣೆ ಉಷ್ಣದ ಅವಾಹಕ” ಎಂದು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೆಯೋ ಲೆಕ್ಕವಿಲ್ಲ. ಮಂಚದ ಮೇಲೆ ಕಂಬಳಿ ಹಾಸಿದಾಗ ಮಾತ್ರ ಆ ವಾಕ್ಯ ನೆನಪಿಗೆ ಬರಲಿಲ್ಲ. ಈ ಮಾತುಗಳು ಆ ತಪ್ಪಿಗೆ ನಾನು ಸಲ್ಲಿಸುತ್ತಿರುವ ಸಣ್ಣ ಪ್ರಾಯಶ್ಚಿತ್ತ.

ಲ್ಯಾಪ್‌ಟಾಪು ಬಿಸಿಯಾಗುವುದು ರೋಗವಲ್ಲ, ಅದರ ಸ್ವಭಾವ. ತೋಟದ ಪಂಪು ತಾನು ಕುಡಿದ ವಿದ್ಯುತ್ತಿನ ಒಂದು ಪಾಲನ್ನು ನೀರೆತ್ತಲು ಬಳಸುತ್ತದೆ. ಗಣಕ ಏನನ್ನೂ ಎತ್ತುವುದಿಲ್ಲ, ಎಳೆಯುವುದಿಲ್ಲ. ಅದರೊಳಗೆ ಹೋದ ವಿದ್ಯುತ್ತು ಲೆಕ್ಕ ಮಾಡಿ, ಚಿತ್ರ ತೋರಿಸಿ, ಕೊನೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬರಬೇಕು. ಸಾಮಾನ್ಯ ಲ್ಯಾಪ್‌ಟಾಪಿನ ಮುಖ್ಯ ಚಿಪ್ಪು 15ರಿಂದ 45 ವಾಟ್‌ಗಳಷ್ಟು ಶಾಖವನ್ನು ಹೊಮ್ಮಿಸುತ್ತದೆ. ಹಳೆಯ ಕಾಲದ 40 ವಾಟಿನ ಬುರುಡೆ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿ ಕೈ ಸುಟ್ಟುಕೊಂಡವರು ನಿಮ್ಮಲ್ಲಿಯೂ ಇದ್ದೀರಿ. ಅಷ್ಟು ಶಾಖ ಬೆರಳಿನ ಉಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆಂದರೆ, ಅದನ್ನು ಅಲ್ಲಿಂದ ಸಾಗಿಸುವ ಏರ್ಪಾಡು ಎಷ್ಟು ಚುರುಕಾಗಿರಬೇಕೆಂದು ಯೋಚಿಸಿ.

ಆ ಏರ್ಪಾಡು ಸೊಗಸಾದುದು. ಚಿಪ್ಪಿನ ಬೆನ್ನಿಗೆ ತೆಳುವಾದ ಲೇಪವೊಂದನ್ನು ಸವರಿ, ಅದರ ಮೇಲೆ ತಾಮ್ರದ ತಗಡನ್ನು ಒತ್ತಿ ಕೂರಿಸಿರುತ್ತಾರೆ. ನಡುವೆ ಗಾಳಿ ನಿಲ್ಲಬಾರದೆಂಬುದೇ ಲೇಪದ ಉದ್ದೇಶ. ಏಕೆಂದರೆ ನಿಂತ ಗಾಳಿಗಿಂತ ತಾಮ್ರ ಸುಮಾರು 15 ಸಾವಿರ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ತಗಡಿನಿಂದ ಹೊರಟ ಚಪ್ಪಟೆ ತಾಮ್ರದ ಕೊಳವೆಯೊಳಗೆ, ಗಾಳಿಯನ್ನು ಹೊರತೆಗೆದು, ಕೆಲವೇ ಹನಿ ನೀರನ್ನಿಟ್ಟು ಬಾಯಿ ಮುಚ್ಚಿರುತ್ತಾರೆ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗುತ್ತದೆ. ಆವಿ ತಣ್ಣಗಿನ ತುದಿಗೆ ಓಡಿ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವಂತೆ ಹನಿಗಟ್ಟಿ, ತಾನು ಹೊತ್ತು ತಂದ ಶಾಖವನ್ನು ಇಳಿಸುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ಕೊಳವೆಯ ಒಳಮೈಯ ಜಾಲರಿಯಲ್ಲಿ ನೀರು ಹಿಂತಿರುಗುತ್ತದೆ. ಇದು ಬಿಡುವಿಲ್ಲದ ಸುತ್ತಾಟ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1963ರಲ್ಲಿ ಜಾರ್ಜ್ ಗ್ರೋವರ್ ಎಂಬುವರು ಇಂಥ ಕೊಳವೆಯನ್ನು ಮಾಡಿ ತೋರಿಸಿದರು. ಇಂದು ಸಂಪರ್ಕ ಉಪಗ್ರಹಗಳಲ್ಲಿಯೂ ಇದೇ ಉಪಾಯವಿದೆ. 1982ರಲ್ಲಿ ಆರಂಭವಾದ, ನಮ್ಮ ಹಾಸನದ ಇಸ್ರೋ ನಿಯಂತ್ರಣ ಕೇಂದ್ರ ನೋಡಿಕೊಳ್ಳುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಅಂಥ ಉಪಗ್ರಹಗಳನ್ನೇ.

ಆದರೆ ಉಪಗ್ರಹಕ್ಕಿಲ್ಲದ ಒಂದು ಅನುಕೂಲ ಲ್ಯಾಪ್‌ಟಾಪಿಗಿದೆ, ಅದು ಗಾಳಿ. ಕೊಳವೆಯ ತಣ್ಣನೆಯ ತುದಿಯಲ್ಲಿ ತೆಳು ತಗಡುಗಳ ಒಂದು ಸಾಲು, ಅದರ ಪಕ್ಕದಲ್ಲೊಂದು ಪುಟ್ಟ ಫ್ಯಾನು. ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಫ್ಯಾನು ತಳದ ಸೀಳುಗಳಿಂದ ತಂಪು ಗಾಳಿಯನ್ನು ಎಳೆದುಕೊಂಡು, ಹಿಂಬದಿಯಿಂದಲೋ ಪಕ್ಕದಿಂದಲೋ ಬಿಸಿ ಗಾಳಿಯನ್ನು ಹೊರದೂಡುತ್ತದೆ. ನನ್ನ ಕಂಬಳಿ ಮುಚ್ಚಿದ್ದು ಈ ಸೀಳುಗಳನ್ನು. ಕಂಬಳಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ತನ್ನ ನೂಲಿನ ಸಂದಿಗಳಲ್ಲಿ ಗಾಳಿಯನ್ನು ಕಟ್ಟಿಹಾಕಿ, ಒಳಗಿನ ಶಾಖ ಹೊರಹೋಗದಂತೆ ತಡೆಯುತ್ತದೆ. ನನ್ನ ಮೈಗೆ ಮಾಡುವ ಉಪಕಾರವನ್ನೇ ಅದು ಲ್ಯಾಪ್‌ಟಾಪಿಗೂ ಮಾಡಿತು. ಹಸಿ ಹುಲ್ಲನ್ನು ಮೆದೆ ಒಟ್ಟಿದರೆ ಮಳೆಗಾಲದಲ್ಲಿಯೂ ಒಳಗೆ ಬಿಸಿಯೇರುವುದನ್ನು ನಮ್ಮ ರೈತರು ಬಲ್ಲರು. ಹೊರಗಿನ ಚಳಿ ಎಷ್ಟಿದ್ದರೇನು, ಶಾಖಕ್ಕೆ ದಾರಿ ಇರಬೇಕಷ್ಟೆ.

ದಾರಿ ಕಟ್ಟಿದಾಗ ಯಂತ್ರ ಮೊದಲು ಎಚ್ಚರಿಕೆ ಕೊಡುತ್ತದೆ. ಫ್ಯಾನಿನ ಸದ್ದು ಏರುತ್ತದೆ. ಚಿಪ್ಪಿನ ಉಷ್ಣತೆ 95–100 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುತ್ತಿದ್ದಂತೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ‘ಲ್ಯಾಪ್‌ಟಾಪು ನಿಧಾನವಾಗಿದೆ, ಹೊಸದು ಕೊಳ್ಳಬೇಕು’ ಎನ್ನುವವರಲ್ಲಿ ಕೆಲವರ ಕಾಯಿಲೆ ಇಷ್ಟೇ. ಆಗಲೂ ಬಿಸಿ ಇಳಿಯದಿದ್ದರೆ ತನ್ನ ಪ್ರಾಣ ಉಳಿಸಿಕೊಳ್ಳಲು ಅದು ಆರಿಹೋಗುತ್ತದೆ. ನಮ್ಮ ಹುಡುಗಿಗೆ ಆದದ್ದು ಇದೇ.

ಇನ್ನು ಪರಿಹಾರ. ಮೊದಲನೆಯದು, ಗಟ್ಟಿಯಾದ ಸಮತಲ. ಹಾಸಿಗೆ, ದಿಂಬು, ಕಂಬಳಿ ಬೇಡ. ಮೇಜಿಲ್ಲದಿದ್ದರೆ ಊಟದ ಮಣೆ ಸಾಕು. ಹಿಂಬದಿಯ ಎರಡು ಮೂಲೆಗಳಿಗೆ ಬೆರಳು ದಪ್ಪದ ಮರದ ತುಂಡುಗಳನ್ನು ಕೊಟ್ಟು, ಗಾಳಿಯ ಸೀಳುಗಳು ಮುಚ್ಚದಂತೆ ಎತ್ತರಿಸಿದರೆ ಗಾಳಿ ಸರಾಗವಾಗಿ ಆಡುತ್ತದೆ. ಎರಡನೆಯದು, ಯಾವ ಕೆಲಸ ಚಿಪ್ಪನ್ನು ದುಡಿಸುತ್ತಿದೆಯೆಂದು ನೋಡುವುದು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಟಾಸ್ಕ್ ಮ್ಯಾನೇಜರನ್ನು ತೆರೆದರೆ, ನಾವು ಮರೆತುಬಿಟ್ಟ ಯಾವುದೋ ಪ್ರೋಗ್ರಾಂ ಹಿಂದೆ ಕುಳಿತು ಓಡುತ್ತಿರುವುದು ಕಾಣಬಹುದು. ಮೂರನೆಯದು, ಧೂಳು. ಕಂಬಳಿಯ ನೂಲೆಳೆ, ತಲೆಗೂದಲು, ಮಣ್ಣಿನ ಹುಡಿ ಕೂಡಿ ಆ ತೆಳು ತಗಡುಗಳ ಮುಂದೆ ಚಾಪೆಯಂತೆ ನೇಯ್ದುಕೊಳ್ಳುತ್ತವೆ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರನ್ನು ಕಳಚಿ, ಮೃದುವಾದ ಒಣ ಕುಂಚದಿಂದ ಸೀಳುಗಳನ್ನು ಗುಡಿಸಬೇಕು. ಬಾಯಲ್ಲಿ ಊದಿದರೆ ತೇವ ಸೇರುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಹಿಡಿಯಲೇಬಾರದು. ಅದರ ರಭಸಕ್ಕೆ ಫ್ಯಾನು ಕೆಟ್ಟೀತು, ಜೊತೆಗೆ ನೀರೂ ಎಣ್ಣೆಯೂ ಒಳಸೇರೀತು. ತಂಪಾಗಲೆಂದು ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಾಗ ಒಳಗೆಲ್ಲ ಇಬ್ಬನಿ ಕಟ್ಟುತ್ತದೆ. ಇಷ್ಟೆಲ್ಲ ಆದಮೇಲೂ ಬಿಸಿ ಇಳಿಯದಿದ್ದರೆ, ಚಿಪ್ಪಿನ ಮೇಲಣ ಲೇಪ ಒಣಗಿರಬಹುದು, ಇಲ್ಲವೆ ಫ್ಯಾನು ಸವೆದಿರಬಹುದು. ಅದು ಬಲ್ಲವರ ಕೈಯ ಕೆಲಸ.

ನಮ್ಮ ಲ್ಯಾಪ್‌ಟಾಪನ್ನು ಅಂಥವರೊಬ್ಬರಲ್ಲಿಗೆ ಒಯ್ದಾಗ ನನ್ನ ಎದೆ ಧಸಕ್ಕೆಂದಿತು. ತಳವನ್ನು ಬಿಚ್ಚಿದ ಆತ, “ಸಾರ್, ಬ್ಯಾಟರಿ ನೋಡಿ” ಎಂದರು. ಅದು ಪೂರಿಯಂತೆ ಉಬ್ಬಿತ್ತು. ಲಿಥಿಯಂ ಬ್ಯಾಟರಿಗೆ ಶಾಖ ವೈರಿ. ಬಿಸಿಯಲ್ಲಿ ಅದರ ಒಳಗಿನ ದ್ರಾವಣ ಕೆಟ್ಟು ಅನಿಲ ಹುಟ್ಟುತ್ತದೆ. ಸದಾ ಚಾರ್ಜಿಗೆ ಹಾಕಿಯೇ ಇಡುವುದೂ ಈ ಕೇಡಿಗೆ ನೆರವು. ಅದಕ್ಕೆಂದೇ ಹಲವು ತಯಾರಕರು ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೌಲಭ್ಯ ಕೊಟ್ಟಿದ್ದಾರೆ. ಬ್ಯಾಟರಿಗೆ ಬೆಂಕಿ ಹತ್ತುವುದು ಅಪರೂಪ, ಕಟ್ಟುಕತೆಯಂತೂ ಅಲ್ಲ. ಅಂಥ ಭಯದಿಂದಲೇ 2006ರಲ್ಲಿ ಡೆಲ್ ಕಂಪನಿ, ಸೋನಿ ತಯಾರಿಸಿದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಲ್ಯಾಪ್‌ಟಾಪಿನ ತಳ ಅಲುಗಾಡಿದರೆ, ಕೀಲಿಗಳ ಬಳಿ ಮೈ ಉಬ್ಬಿದರೆ, ಕೂಡಲೆ ಆರಿಸಿ, ಚಾರ್ಜರ್ ಕಳಚಿ. ಉಬ್ಬನ್ನು ಒತ್ತಬೇಡಿ, ಚುಚ್ಚಬೇಡಿ. ಹಾಸಿಗೆ ಬಟ್ಟೆಗಳಿಂದ ದೂರವಿಟ್ಟು, ಬಲ್ಲವರಿಗೆ ಒಪ್ಪಿಸಿ. ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ.

ಲ್ಯಾಪ್ ಎಂದರೆ ತೊಡೆ. ಹೆಸರೇನೋ ಹಾಗಿದೆ, ಆದರೆ ತೊಡೆ ಅದಕ್ಕೆ ತಕ್ಕ ಜಾಗವಲ್ಲ. ಬಹುಕಾಲ ಒಲೆಯ ಮುಂದೆ ಕೂರುವವರ ಚರ್ಮದಲ್ಲಿ ಬಲೆಯಂಥ ಕಂದು ಕಲೆ ಮೂಡುವುದನ್ನು ವೈದ್ಯರು ಹಿಂದಿನಿಂದಲೂ ಬಲ್ಲರು. ಲ್ಯಾಪ್‌ಟಾಪನ್ನು ದಿನವೂ ಗಂಟೆಗಟ್ಟಲೆ ತೊಡೆಯ ಮೇಲಿಟ್ಟುಕೊಂಡು ಆಡುತ್ತಿದ್ದ ಸ್ವಿಟ್ಜರ್ಲೆಂಡಿನ 12 ವರ್ಷದ ಹುಡುಗನೊಬ್ಬನಲ್ಲಿ ಅದೇ ಕಲೆ ಕಂಡದ್ದು 2010ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ.

ಮೊಮ್ಮಗಳು ಆ ಪರೀಕ್ಷೆಯನ್ನು ಮತ್ತೆ ಬರೆದು ಮುಗಿಸಿದಳು. ಬ್ಯಾಟರಿ ಬದಲಾಯಿತು, ಲ್ಯಾಪ್‌ಟಾಪು ಈಗಲೂ ನಡೆಯುತ್ತಿದೆ. ಆದರೆ ರಾತ್ರಿ ಪಾಠ ಕೇಳುತ್ತ ಕೇಳುತ್ತ ಅದನ್ನು ಕಂಬಳಿಯ ಮೇಲೆ ಮಗ್ಗುಲಲ್ಲಿಟ್ಟುಕೊಂಡೇ ಅವಳು ನಿದ್ದೆ ಹೋಗುತ್ತಿದ್ದಳೆಂಬುದು ನೆನಪಾದಾಗ ಇಂದಿಗೂ ನನಗೆ ನಡುಕ ಬರುತ್ತದೆ. “ಸುಡ್ತಾ ಇದೆ” ಎಂದು ಅವಳು ಹೇಳಿದ್ದಳು, ನಾನು ನಕ್ಕಿದ್ದೆ. ನಿಮ್ಮ ಮನೆಯ ಮಕ್ಕಳು ಹಾಗೆಂದರೆ ನಗಬೇಡಿ. ಎದ್ದು ಹೋಗಿ, ಲ್ಯಾಪ್‌ಟಾಪಿನ ತಳಕ್ಕೆ ಕೈಯಿಟ್ಟು ನೋಡಿ.

ಈಗ ಅಟ್ಟದಲ್ಲಿ ಲ್ಯಾಪ್‌ಟಾಪು ಮಣೆಯ ಮೇಲಿರುತ್ತದೆ. ಕಂಬಳಿ ಹುಡುಗಿಯ ಹೆಗಲ ಮೇಲಿರುತ್ತದೆ.