ಕಡುಬಣ್ಣದ ಕಾರ್ನ್‌ಫ್ಲವರ್ ಹೂವಿನ ಬೇಸಾಯ
ಕತಗಾಲದ ಸೀಮೆಯ ಜಮೀನುದಾರರಿಗೂ ಗ್ರಾಮಮುಖ್ಯಸ್ಥರಿಗೂ ಸೂಚನೆಗಳು

ಕಾರ್ನ್‌ಫ್ಲವರ್ ಎಂಬುದು ಯೂರೋಪ್ ಖಂಡದ ಒಂದು ವಾರ್ಷಿಕ ಹೂಗಿಡ. ಅಲ್ಲಿನ ಧಾನ್ಯದ ಹೊಲಗಳಲ್ಲಿ ಕಳೆಯಾಗಿ ಬೆಳೆಯುತ್ತಿದ್ದುದರಿಂದ ಇದಕ್ಕೆ ಈ ಹೆಸರು ಬಂದಿತು. ಇದರ ಸಹಜವಾದ ಬಣ್ಣವು ನೀಲಿ. ತೋಟಗಾರರು ಆರಿಸಿ ಬೆಳೆಸಿದ ತಳಿಗಳಲ್ಲಿ ‘ಬ್ಲ್ಯಾಕ್ ಬಾಲ್’ ಎಂಬುದು ಕಪ್ಪೆಂದೇ ತೋರುವ ಕಡುಗೆಂಪು ಹೂವನ್ನು ಬಿಡುವುದು. ಗಿಡವು ಎರಡರಿಂದ ಮೂರು ಅಡಿ ಎತ್ತರ ಬೆಳೆಯುವುದು. ಕೊಯ್ದ ಹೂವನ್ನು ನೀರಿನಲ್ಲಿರಿಸಿದರೆ ಕೆಲವು ದಿನ ಬಾಡದೆ ಇರುವುದು. ನೆರಳಿನಲ್ಲಿ ಒಣಗಿಸಿಯೂ ಇಡಬಹುದು.

ನಮ್ಮ ಜನರಿಗೆ ಈ ಗಿಡವು ಹೊಸದಾದರೂ ಇದರ ಸಮೀಪದ ಬಂಧು ಹೊಸದಲ್ಲ. ಧಾರವಾಡ, ವಿಜಯಪುರಗಳ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತುವ ಕುಸುಬೆಯು ಇದರ ಒಳಬಳಗಕ್ಕೇ ಸೇರಿದುದು. ಕುಸುಬೆಯು ಮಳೆ ಹಿಂದೆಗೆದ ಮೇಲೆ ಬೆಳೆಯುವುದು. ನಿಂತ ನೀರನ್ನು ಸಹಿಸದು. ಕಾರ್ನ್‌ಫ್ಲವರಿನ ಗುಣವೂ ಇದೇ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟರೆ ಉಳಿದುದೆಲ್ಲವೂ ಸುಲಭ.

ಬಿತ್ತುವ ಕಾಲ. ಬೀಜದ ಪೊಟ್ಟಣಗಳ ಮೇಲೆ ವಸಂತಕಾಲದಲ್ಲಿ ಬಿತ್ತಬೇಕೆಂದು ಅಚ್ಚಾಗಿರುವುದುಂಟು. ಅದು ಶೀತದೇಶಗಳಿಗೆ ಹೇಳಿದ ಮಾತು. ಕತಗಾಲದಲ್ಲಿ ಅದರಂತೆ ನಡೆದರೆ ಎಳೆಯ ಗಿಡವು ಬೇಸಗೆಯ ಸೆಕೆಗೆ ಸಿಕ್ಕುವುದು. ಉಳಿದುದನ್ನು ಮಳೆಯು ಕೊಳೆಯಿಸುವುದು. ವರ್ಷಕ್ಕೆ ೧೨೦ ಅಂಗುಲಕ್ಕೂ ಮೀರಿ ಮಳೆ ಬೀಳುವ, ಚಂಡಿಕಾ ಹೊಳೆಯು ಉಕ್ಕಿ ರಸ್ತೆಯ ಮೇಲೆ ಹರಿಯುವ ಊರಿನಲ್ಲಿ ಮಳೆಗಾಲದ ಬಿತ್ತನೆಯಿಂದ ಬೀಜವೂ ಹೋಗುವುದು, ದುಡಿಮೆಯೂ ಹೋಗುವುದು. ಆದುದರಿಂದ ನವೆಂಬರ್ ಮೊದಲಿನ ಹದಿನೈದು ದಿನಗಳಲ್ಲಿ ಬಿತ್ತತಕ್ಕದ್ದು. ಬಿತ್ತಿದ ಎರಡು ಮೂರು ತಿಂಗಳಿಗೆ, ತಂಪು ಇನ್ನೂ ಇರುವಾಗಲೇ, ಹೂವು ಬರುವುದು. ಬೆಂಗಳೂರು ೩,೦೦೦ ಅಡಿ ಎತ್ತರದಲ್ಲಿರುವುದರಿಂದ ಅಲ್ಲಿಯವರು ತಡಮಾಡಿದರೂ ನಡೆದೀತು, ನಮ್ಮಲ್ಲಿ ನಡೆಯದು.

ಭೂಮಿ. ಹಿತ್ತಲಿನಲ್ಲಿ ದಿನಕ್ಕೆ ಆರು ತಾಸು ಬಿಸಿಲು ಬೀಳುವ ಎತ್ತರದ ಜಾಗವನ್ನು ಆರಿಸಬೇಕು. ಅಡಕೆಯ ನೆರಳು ಇದಕ್ಕೆ ಆಗದು. ನಮ್ಮ ಜಂಬುಮಣ್ಣಿನಲ್ಲಿ ಸುಣ್ಣದ ಅಂಶವು ಮಳೆಗೆ ತೊಳೆದು ಹೋಗಿ ಹುಳಿ ಹೆಚ್ಚಾಗಿರುವುದು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಗೆ ಅರಳಿದ ಚಿಪ್ಪಿನ ಸುಣ್ಣವನ್ನು ಒಂದು ರಾತ್ತಲು, ಅಂದರೆ ಅರ್ಧ ಕಿಲೋಗ್ರಾಮಿಗೆ ತುಸು ಕಡಮೆ, ಬಿತ್ತನೆಗೆ ಮೂರು ವಾರ ಮುಂಚೆ ಬೆರಸಬೇಕು. ಸುಣ್ಣವನ್ನೂ ಸಗಣಿಗೊಬ್ಬರವನ್ನೂ ಒಟ್ಟಿಗೆ ಹಾಕಲಾಗದು. ಹಾಕಿದರೆ ಗೊಬ್ಬರದ ಸಾರವು ಗಾಳಿಗೆ ಹೋಗುವುದು. ಗೊಬ್ಬರವು ಹಳೆಯದಾಗಿಯೂ ಮಿತವಾಗಿಯೂ ಇರಲಿ. ಅಡಕೆಯ ತೋಟಕ್ಕೆ ಹಾಕುವಂತೆ ಹಾಕಿದರೆ ಸೊಪ್ಪು ಕೊಬ್ಬಿ, ದಂಟು ಬಾಗಿ, ಹೂವು ಕಡಮೆಯಾಗುವುದು.

ಬಿತ್ತನೆ ಮತ್ತು ಆರೈಕೆ. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಸಸಿ ಕಿತ್ತು ನೆಡುವುದಕ್ಕಿಂತ ಮಡಿಯಲ್ಲಿಯೇ ಬಿತ್ತುವುದು ಉತ್ತಮ. ಬೀಜವು ಕತ್ತಲೆಯಲ್ಲಿ ಚೆನ್ನಾಗಿ ಮೊಳೆಯುವುದು. ಅರ್ಧ ಅಂಗುಲ ಮಣ್ಣು ಮುಚ್ಚಬೇಕು. ಒಂದೆರಡು ವಾರದಲ್ಲಿ ಮೊಳಕೆ ಬಂದ ಮೇಲೆ ಗಿಡಕ್ಕೆ ಗಿಡ ಒಂಬತ್ತು ಅಂಗುಲ ಬಿಟ್ಟು ಉಳಿದುವನ್ನು ಕೀಳಬೇಕು. ನೀರನ್ನು ಬುಡಕ್ಕೆ, ಬೆಳಗ್ಗೆ, ಮಣ್ಣು ಒಣಗಿದಾಗ ಮಾತ್ರ ಕೊಡಬೇಕು. ಎಲೆಯ ಮೇಲೆ ಬಿಳಿಯ ಬೂದಿ ಕಂಡರೆ ಆ ಎಲೆಗಳನ್ನು ತೆಗೆದು ಸುಟ್ಟು, ಗಾಳಿಯಾಡುವಂತೆ ಗಿಡಗಳನ್ನು ವಿರಳಮಾಡಬೇಕು. ಬಾಡಿದ ಹೂಗಳನ್ನು ಚಿವುಟುತ್ತಿದ್ದರೆ ಹೊಸ ಮೊಗ್ಗು ಬರುತ್ತಿರುವುದು.

ಬಣ್ಣದ ವಿಚಾರ. ಹೂವು ಕಪ್ಪಾಗಲೆಂದು ಬುಡಕ್ಕೆ ಕಬ್ಬಿಣದ ತುಕ್ಕನ್ನೋ ಮಸಿಯನ್ನೋ ಹಾಕುವುದು ವ್ಯರ್ಥ. ನೀಲಿ ಕಾರ್ನ್‌ಫ್ಲವರಿನಲ್ಲಿಯೂ ಕೆಂಪು ಗುಲಾಬಿಯಲ್ಲಿಯೂ ಇರುವ ವರ್ಣದ್ರವ್ಯವು ಒಂದೇ ಎಂದು ಜರ್ಮನಿಯ ವಿಲ್‌ಸ್ಟೇಟರ್ ಎಂಬ ವಿದ್ವಾಂಸರು ೧೯೧೩ರಿಂದ ೧೯೧೫ರ ಅವಧಿಯಲ್ಲಿ ಕಂಡುಹಿಡಿದರು. ಆ ದ್ರವ್ಯವು ಹೂವಿನೊಳಗೇ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳೊಡನೆ ಕಟ್ಟುಗೂಡಿದಾಗ ನೀಲಿಯಾಗುವ ಬಗೆಯನ್ನು ೨೦೦೫ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಕಡುತಳಿಯಲ್ಲಿ ಅಂತಹ ಕೆಂಪು ದ್ರವ್ಯವೇ ದಟ್ಟವಾಗಿ ತುಂಬಿರುವುದು. ಇದು ಬೀಜದಿಂದ ಬರುವ ಗುಣ. ಬೇಸಾಯಗಾರನು ಕೊಡಬಹುದಾದುದು ಬಿಸಿಲು ಒಂದೇ.

ಬೀಜಸಂಗ್ರಹ. ಪ್ರತಿ ವರ್ಷವೂ ಬೀಜಕ್ಕೆ ಹಣ ತೆರಬಾರದೆಂದಿದ್ದರೆ ಇದನ್ನು ಗಮನಿಸತಕ್ಕದ್ದು. ತುಡುವೆ ಜೇನು ಈ ಹೂವಿಗೆ ಬರುವುದು; ಪೆಟ್ಟಿಗೆಯಲ್ಲಿ ಜೇನು ಸಾಕುವವರಿಗೆ ಅದು ಲಾಭವೇ. ಆದರೆ ಹತ್ತಿರದಲ್ಲಿ ನೀಲಿ ಗಿಡಗಳಿದ್ದರೆ ಜೇನು ಪರಾಗವನ್ನು ಬೆರಸಿ ಮುಂದಿನ ಪೀಳಿಗೆಯ ಬಣ್ಣವನ್ನು ಕೆಡಿಸುವುದು. ಬೀಜಕ್ಕೆ ಬಿಡುವ ಮಡಿಯಲ್ಲಿ ತಿಳಿಬಣ್ಣದ ಗಿಡ ಕಂಡೊಡನೆ ಕೀಳಬೇಕು. ಅತಿ ಕಪ್ಪಾದ ಹೂವುಗಳಿಂದ ಬೀಜ ತೆಗೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ತಳದಲ್ಲಿ ಒಣ ಇದ್ದಿಲು ಹಾಕಿದ ಶೀಸೆಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ತೆರೆದಿಟ್ಟ ಬೀಜವು ನಮ್ಮ ಆಷಾಢದ ತೇವಕ್ಕೆ ಉಳಿಯದು.

ಮೊದಲ ವರ್ಷ ಊರಿಗೆ ಒಂದೇ ಮಡಿ ಸಾಕು. ಗದ್ದೆಯನ್ನಾಗಲಿ ತೋಟವನ್ನಾಗಲಿ ಇದಕ್ಕೆ ಬಿಡಬೇಕಾಗಿಲ್ಲ. ಗ್ರಾಮಮುಖ್ಯಸ್ಥರು ತಮ್ಮ ಹಿತ್ತಲಿನಲ್ಲಿ ಬೆಳೆದು ತೋರಿಸಿ, ಆರಿಸಿದ ಬೀಜವನ್ನು ನೆರೆಯವರಿಗೆ ಹಂಚಿದರೆ, ಮರುವರ್ಷ ಅವರು ಕೊಂಡ ಪೊಟ್ಟಣಕ್ಕಿಂತ ಈ ನೆಲದಲ್ಲಿ ಬಾಳಿದ ಗಿಡದ ಬೀಜವನ್ನೇ ನೆಚ್ಚಬಹುದು.