ನೀತಿ, ಧೋರಣೆ ಮತ್ತು ಲಕ್ಕಮ್ಮನ ಅಕ್ಕಿ

ಕನ್ನಡದಲ್ಲಿ ‘ನೀತಿ’ ಎಂಬ ಒಂದೇ ಶಬ್ದ ಎರಡು ಭಾರಗಳನ್ನು ಹೊರುತ್ತದೆ. ನೀತಿಕಥೆಯಲ್ಲಿರುವುದೂ ನೀತಿಯೇ, ಆರ್ಥಿಕ ನೀತಿ, ಶಿಕ್ಷಣ ನೀತಿ ಎನ್ನುವಲ್ಲಿ ಇರುವುದೂ ನೀತಿಯೇ. ಮರಾಠಿಯಲ್ಲಿ ಎರಡನೆಯದಕ್ಕೆ ‘ಧೋರಣ’ ಎಂಬ ಬೇರೆ ಶಬ್ದ ರೂಢಿಯಲ್ಲಿದೆ. ಅದೇ ಶಬ್ದ ಕನ್ನಡದಲ್ಲಿ ‘ಧೋರಣೆ’ಯಾಗಿ ಮನೋಭಾವವನ್ನು ಸೂಚಿಸುತ್ತದೆ. ಎರಡೂ ಭಾಷೆಗಳಲ್ಲಿ ಓದಿದವರು ಇದನ್ನು ಬೇಗ ಗಮನಿಸುತ್ತಾರೆ. ಉದ್ಯಮ ಸಂಸ್ಥೆಗಳಲ್ಲಿ ನೈತಿಕ ನಾಯಕತ್ವ ಬೆಳೆಯುವುದು ಹೇಗೆ ಎಂದು ಕೇಳಿಕೊಳ್ಳುವಾಗ ಇದು ಬರಿಯ ಶಬ್ದಚರ್ಚೆಯಾಗಿ ಉಳಿಯುವುದಿಲ್ಲ. ಕಾಗದದ ಮೇಲೆ ಬರೆದಿಟ್ಟ ನೀತಿಯನ್ನು ಕಂಡು, ನಡತೆಯಲ್ಲಿಯೂ ನೀತಿ ಇದೆಯೆಂದು ನಂಬಿಬಿಡುವುದು ಸುಲಭ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಇದಕ್ಕೆ ತಕ್ಕ ನಿದರ್ಶನ. 1987ರಲ್ಲಿ ಆರಂಭವಾದ ಈ ಸಂಸ್ಥೆಗೆ ಹೆಸರೇ ಸತ್ಯ. ಆಡಳಿತ ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರೊಬ್ಬರೂ ಸ್ವತಂತ್ರ ನಿರ್ದೇಶಕರೂ ಇದ್ದರು. ಉತ್ತಮ ಸಾಂಸ್ಥಿಕ ಆಡಳಿತಕ್ಕಾಗಿ 2008ರಲ್ಲಿ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿಯೂ ದೊರೆಯಿತು. ಕೆಲವೇ ತಿಂಗಳ ನಂತರ, 2009ರ ಜನವರಿ 7ರಂದು, ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ಮಂಡಳಿಗೆ ಪತ್ರ ಬರೆದು, ಲೆಕ್ಕಪತ್ರದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಒಂದು ತ್ರೈಮಾಸಿಕದ ಕಾರ್ಯಾಚರಣೆಯ ಲಾಭ 649 ಕೋಟಿ ಎಂದು ಸಾರಲಾಗಿತ್ತು. ನಿಜವಾದುದು 61 ಕೋಟಿ. ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ಅದರಿಂದ ಹೂಡಿಕೆದಾರರ ಹಣವೇನೂ ಹಿಂತಿರುಗಲಿಲ್ಲ.

ಮೊತ್ತದ ಅಗಾಧತೆಗಿಂತ ಆ ಪತ್ರದ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಮುಖ್ಯವಾದುದು. ನಿಜ ಲಾಭಕ್ಕೂ ತೋರಿಸಿದ ಲಾಭಕ್ಕೂ ನಡುವಿನ ಅಂತರ ಮೊದಲು ಅತ್ಯಲ್ಪವಾಗಿತ್ತು. ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಕೈಮೀರಿತು ಎಂಬುದು ಅವರ ವಿವರಣೆ. ಅದನ್ನು ಪೂರ್ತಿಯಾಗಿ ನಂಬಬೇಕಿಲ್ಲ, ಅದು ಆರೋಪಿಯ ಮಾತು. 2015ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಮಂದಿಯನ್ನು ತಪ್ಪಿತಸ್ಥರೆಂದಿತು. ಹತ್ತು ಮಂದಿ ಎಂಬ ಸಂಖ್ಯೆಯನ್ನು ಮರೆಯಬಾರದು. ಸುಳ್ಳು ಬಿಲ್ಲುಗಳನ್ನೂ ಬ್ಯಾಂಕಿನ ಖೋಟಾ ಠೇವಣಿ ರಸೀದಿಗಳನ್ನೂ ಅಧ್ಯಕ್ಷನೊಬ್ಬನೇ ಕುಳಿತು ಸಿದ್ಧಪಡಿಸಲಾರ. ಯಾರೋ ಬೆರಳಚ್ಚಿಸಬೇಕು, ಯಾರೋ ಸಹಿ ಹಾಕಬೇಕು, ಯಾರೋ ನೋಡಿಯೂ ನೋಡದಂತಿರಬೇಕು.

ವಚನ ಸಾಹಿತ್ಯವನ್ನು ಓದುವ ನಮಗೆ ಆಯ್ದಕ್ಕಿ ಲಕ್ಕಮ್ಮ ಪರಿಚಿತಳು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿ, ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಉತ್ತರಪತ್ರಿಕೆಗಳಲ್ಲಿ ಈ ಪ್ರಸಂಗ ಲಕ್ಕಮ್ಮನ ನಿಷ್ಠೆಗೆ ಉದಾಹರಣೆಯಾಗಿ ಬಂದುಹೋಗುತ್ತದೆ. ಮಾರಯ್ಯನ ಕುರಿತು ಯಾರೂ ಒಂದು ಸಾಲನ್ನೂ ಬರೆಯುವುದಿಲ್ಲ! ಅವನು ಕೇಳಿಸಿಕೊಂಡನಲ್ಲ, ವ್ಯತ್ಯಾಸ ಒಂದು ಹಿಡಿಯಷ್ಟಿದ್ದಾಗಲೇ ಹಿಂತಿರುಗಿಸಿದನಲ್ಲ, ಅಲ್ಲಿ ನಾಯಕತ್ವವಿದೆ. ಎದುರುತ್ತರ ಕೊಡಬಲ್ಲವರನ್ನು ಪಕ್ಕದಲ್ಲಿಟ್ಟುಕೊಂಡು ಅವರ ಮಾತಿಗೆ ಬೆಲೆ ಕೊಡುವ ಅಭ್ಯಾಸವೇ ನೈತಿಕ ನಾಯಕತ್ವದ ಮೊದಲ ಪಾಠವೆಂದು ನಾನು ತಿಳಿಯುತ್ತೇನೆ. ಕಾರ್ಯಾಗಾರದಲ್ಲಿ ಉಪನ್ಯಾಸ ಕೇಳಿ ಇದು ಬರುವುದಿಲ್ಲ. ಕೆಟ್ಟ ಸುದ್ದಿ ತಂದ ಗುಮಾಸ್ತನಿಗೆ ಮುಂದಿನ ವರ್ಷ ಬಡ್ತಿ ಸಿಕ್ಕಿತೋ ವರ್ಗಾವಣೆ ಸಿಕ್ಕಿತೋ ಎಂಬುದನ್ನು ಉಳಿದ ನೌಕರರು ಗಮನಿಸುತ್ತಿರುತ್ತಾರೆ. ಸಂಸ್ಥೆಯ ನಿಜವಾದ ನೀತಿಯನ್ನು ಅವರು ಕಲಿಯುವುದು ಅಲ್ಲಿಂದಲೇ.

ಸತ್ಯಂನಲ್ಲಿಯೂ ಎಚ್ಚರಿಸುವ ದನಿಯೊಂದು ಎದ್ದಿತ್ತು. 2008ರ ಡಿಸೆಂಬರಿನಲ್ಲಿ ಅಕ್ರಮಗಳ ಬಗ್ಗೆ ನಿರ್ದೇಶಕರೊಬ್ಬರಿಗೆ ಇ-ಮೇಲ್ ಬಂದಿತು. ಆದರೆ ಅದನ್ನು ಬರೆದವರು ಮರೆಹೆಸರಿನಲ್ಲಿ ಬರೆಯಬೇಕಾಯಿತು. ಅಷ್ಟರಲ್ಲಿ ಹಿಡಿಯಷ್ಟಿದ್ದ ಅಕ್ಕಿ ಕಣಜವಾಗಿತ್ತು.

ಮುಂದೆ 2013ರ ಕಂಪನಿ ಕಾಯಿದೆಯು ತನ್ನ 177ನೆಯ ಕಲಮಿನಲ್ಲಿ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ನೌಕರರ ದೂರುಗಳಿಗೊಂದು ವ್ಯವಸ್ಥೆ ಮಾಡಬೇಕೆಂದು ವಿಧಿಸಿತು. ದೂರಿದವರಿಗೆ ಕಿರುಕುಳವಾಗದಂತೆ ರಕ್ಷಣೆಯಿರಬೇಕು. ಅಗತ್ಯ ಬಿದ್ದಾಗ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನು ನೇರವಾಗಿ ಕಾಣಲು ದಾರಿಯಿರಬೇಕು. ಇದೂ ಕಾಗದದ ಮೇಲಿನ ನೀತಿಯೇ, ಆದರೂ ಬೇಕಾದುದು.

ಹೀಗೆ ಒಳಗಿನಿಂದ ಎಚ್ಚರಿಸುವವರನ್ನು ಮರಾಠಿ ಪತ್ರಿಕೆಗಳು ‘ಜಾಗಲ್ಯಾ’ ಎನ್ನುತ್ತವೆ. ರಾತ್ರಿ ಎಚ್ಚರವಿದ್ದು ಊರು ಕಾಯುತ್ತಿದ್ದ ಕಾವಲುಗಾರನ ಹೆಸರದು. ಕನ್ನಡದಲ್ಲಿ ಹೆಚ್ಚಾಗಿ ಇಂಗ್ಲಿಷ್ ಶಬ್ದವನ್ನೇ ಬರೆಯುತ್ತೇವೆ. ಆಡುಮಾತಿನಲ್ಲಿ ಅಂಥವನು ‘ಚಾಡಿಕೋರ’ನಾಗಿಬಿಡುತ್ತಾನೆ. ನಮ್ಮ ಊರುಗಳಲ್ಲಿಯೂ ತಳವಾರನಿದ್ದನು. ಆ ಶಬ್ದಕ್ಕೆ ಈ ಹೊಸ ಅರ್ಥ ಒಗ್ಗೀತೇ, ಇನ್ನೊಂದು ಶಬ್ದ ಬೇಕೇ ಎಂಬುದನ್ನು ಭಾಷಾಶಾಸ್ತ್ರದ ತರಗತಿಯಲ್ಲಿ ನೀವು ಚರ್ಚಿಸಬಹುದು.